ಟೇಲರಣ್ಣ ಇಳಿದ ಗುಡ್ಡ

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಹೋದ ತಿಂಗಳು ವಿದ್ಯಾನಗರದ ಓಣಿಯೊಂದರಲ್ಲಿ ನನ್ನನ್ನು ನಿಲ್ಲಿಸಿಬಿಟ್ಟಿತು. ಹರಿಹರದ ಟೇಲರಣ್ಣ ನೆನಪಾದರು. ಜೊತೆಗೇ ಅನುಮಾನವೂ ಬಂತು. ಆ ದಿನ ಗುಡ್ಡದ ಮೇಲೆ ನಡೆದದ್ದು ನನಗೆ ನಿಜವಾಗಿ ನೆನಪಿದೆಯೇ, ಅಥವಾ ನನಗೆ ಬೇಕಾದಂತೆ ಕಟ್ಟಿಕೊಂಡಿದ್ದೇನೆಯೇ? ಓದಿದ್ದು ವಿಜ್ಞಾನ. ಆಧಾರವಿಲ್ಲದ ಮಾತನ್ನು, ಅದು ನನ್ನದೇ ಆದರೂ, ನಂಬುವ ಅಭ್ಯಾಸ ನನಗಿಲ್ಲ.

ದಾವಣಗೆರೆಯಲ್ಲಿ ಎಂ.ಎಸ್ಸಿ. ಮಾಡುವಾಗ ನಾವು ಮೂವರು ಗೆಳೆಯರು ರಜೆ ಸಿಕ್ಕರೆ ಗುಡ್ಡ ಹತ್ತಲು ಹೊರಡುತ್ತಿದ್ದೆವು. ಫೋನಿನಲ್ಲಿ ನಕ್ಷೆ ನೋಡಿ ದಾರಿ ಗೊತ್ತುಮಾಡುವುದು ನನ್ನ ಕೆಲಸ. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಕಂದು ಗೆರೆಗಳ ನಕ್ಷೆ ಅದು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಸರಾಗ.

ಹರಿದ ಬ್ಯಾಗು ಹೊಲಿಸಲು ಹರಿಹರದ ಅಂಗಡಿಗೆ ಹೋದಾಗ ಟೇಲರಣ್ಣ ನನ್ನ ಫೋನು ಇಸಿದುಕೊಂಡು ಆ ನಕ್ಷೆ ನೋಡಿದರು. ಚಿಕ್ಕಂದಿನ ಪೋಲಿಯೊದಿಂದ ಅವರ ಎಡಗಾಲು ಸಣ್ಣಗಾಗಿತ್ತು. ತೊಡೆಗೆ ಕೈಯೂರಿ ನಡೆಯುತ್ತಿದ್ದರು. ನಾನು ವಿವರಿಸಲು ಹೊರಟರೆ ಬೇಡವೆಂದರು. ಚಪ್ಪಟೆ ಬಟ್ಟೆಯ ಮೇಲಿನ ಗೆರೆಯಲ್ಲೇ ಮೈಯ ಉಬ್ಬುತಗ್ಗು ಕಾಣುವ ಕಣ್ಣು ಅದು...

“ಇದು ಹೊಟ್ಟೆ. ಇಲ್ಲಿ ಹೆಗಲು ಇಳಿದೈತೆ. ಈ ಹೆಗಲ ಮ್ಯಾಲೆ ಹಾದು ನಾನೂ ಹತ್ತಬಹುದಲ್ಲ?”

ಮಾಯಕೊಂಡದ ಆಚೆಗಿನ ಗುಡ್ಡ ಅದು. ನಮ್ಮಲ್ಲಿ ಗಟ್ಟಿಮುಟ್ಟಾಗಿದ್ದ ಗೆಳೆಯ ತಡೆದ. “ಬ್ಯಾಡ್ರಿ ಅಣ್ಣ. ಆಮೇಲೆ ನಾವೇ ಹೊತ್ಕೊಂಡು ಬರಬೇಕಾಗ್ತೈತೆ.”

“ಹೊರೋ ದಿನ ಒಂದು ಬಂದೇ ಬರ್ತೈತೆ ತಮ್ಮಾ. ಅವತ್ತು ಬರ್ರಿ, ಬ್ಯಾಡ ಅನ್ನಲ್ಲ.”

ಮರುವಾರ ಹೋದಾಗ ಅವರು ಅಂಗಿಯ ಮಾದರಿ ಕತ್ತರಿಸುವ ಖಾಕಿ ಕಾಗದದ ಮೇಲೆ ಗುಡ್ಡವನ್ನೇ ಬರೆದಿಟ್ಟಿದ್ದರು. ಹತ್ತುವ ಪೂರ್ವದ ಬದಿಯನ್ನಷ್ಟೇ ಅವತ್ತು ನನ್ನ ಫೋನಿನಲ್ಲಿ ಕಂಡಂತೆ ಬರೆದಿದ್ದರು. ಇಳಿಯುವ ಪಶ್ಚಿಮದ ಬದಿಯನ್ನು ಕಾಗದ ಮಡಿಚಿ ಮೂಡಿಸಿದ್ದರು. ಅಂಗಿಯ ಬೆನ್ನು ಕತ್ತರಿಸುವುದೇ ಹಾಗೆ: ಬಟ್ಟೆ ಮಡಿಚಿ ಅರ್ಧ ಗೆರೆ ಹಾಕಿದರೆ ಇನ್ನರ್ಧ ತಾನಾಗಿ ಬರುತ್ತದೆ. ಪೂರ್ತಿ ನಕ್ಷೆ ನನ್ನ ಜೇಬಿನಲ್ಲೇ ಇತ್ತು. ಅವರ ಜಾಣತನಕ್ಕೆ ಬೆರಗಾಗಿ ನಾನು ತೆಗೆದು ನೋಡಲೇ ಇಲ್ಲ.

ಹತ್ತುವುದು ಅವರು ಹೇಳಿದಂತೆಯೇ ಆಯಿತು. ಕೂತು, ಎದ್ದು, ಮತ್ತೆ ಕೂತು, ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿದರು. ಅಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿ ನಮಗೆಲ್ಲ ಹಂಚಿದರು.

ಪಶ್ಚಿಮಕ್ಕೆ ಅರ್ಧ ಇಳಿದಾಗ ದಾರಿಯ ಬದಲು ಬಂಡೆಗಳು. ಫೋನು ತೆಗೆದೆ, ಆ ಬದಿಯ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮರಳಿ ಹತ್ತುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಗುಡ್ಡದ ಎರಡು ಹೆಗಲು ಒಂದೇ ಅಳತೆ ಇರಲ್ಲ ಅನ್ನೋದು ಈಗ ತಿಳೀತು ಎಂದು ನಕ್ಕರು. ಅದೇ ಗಟ್ಟಿಮುಟ್ಟು ಗೆಳೆಯ ಅವರ ಮುಂದೆ ಬಗ್ಗಿ ಬೆನ್ನು ಕೊಟ್ಟ.

“ಬೆನ್ನು ತೆಗಿ. ಪ್ಯಾಂಟು ನಂದು, ಕುಂಡಿ ನಂದು. ನಾ ಇಳೀತೀನಿ.”

ಮೊದಲು ಕೈಯಿಂದ ಎಡಗಾಲನ್ನೆತ್ತಿ ಕೆಳಗಿನ ಬಂಡೆಗೆ ಇಡುವುದು, ಆಮೇಲೆ ಕೂತಲ್ಲಿಂದಲೇ ಜಾರುವುದು. ಹಾಗೆಯೇ ಕೊನೆಯವರೆಗೂ. ರಸ್ತೆ ಮುಟ್ಟಿದಾಗ ಪ್ಯಾಂಟಿನ ಹಿಂಭಾಗ ಉಳಿದಿರಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿಕೊಂಡೇ ಬಸ್ ಹತ್ತಿದರು. ನನಗೆ ನೆನಪಿರುವುದು ಇದು.

ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಅವತ್ತು ಹೆಗಲು ಕೊಟ್ಟೆವು; ಅವರು ಬೇಡವೆನ್ನಲಿಲ್ಲ. ಮನೆಗೆ ಮಾತಾಡಿಸಲು ಹೋದಾಗ ಆ ಗೆಳೆಯ ಟೇಲರಣ್ಣನ ಹೆಂಡತಿಗೆ ಗುಡ್ಡದ ಕಥೆ ಹೇಳಿದ. “ಅಣ್ಣನ್ನ ನಾನೇ ಬೆನ್ನ ಮ್ಯಾಲೆ ಹೊತ್ತು ಇಳಿಸಿದೆ ಅಕ್ಕಾ,” ಎಂದ. ಸುಳ್ಳು ಹೇಳುವ ಮನುಷ್ಯನಲ್ಲ. ಅವನಿಗೆ ಹಾಗೆಯೇ ನೆನಪಿತ್ತು, ಕಣ್ಣಲ್ಲಿ ನೀರೂ ಇತ್ತು. ಮೂರನೆಯವನು ಹೌದೆಂದ. ಆಕೆ ನನ್ನ ಕಡೆ ತಿರುಗಿದರು.

“ನಮ್ಮ ಮನೆಯವ್ರು ನಾನೇ ಇಳಿದೆ ಅಂತಿದ್ರು. ಖರೇನೇನ್ರಿ?”

ಇಬ್ಬರ ನೆನಪಿನ ಎದುರು ನನ್ನೊಬ್ಬನದು. ಆಧಾರ ಕೇಳುವ ನಾನು ಆಧಾರವಿಲ್ಲದೆ ಸುಮ್ಮನಾದೆ. ತೀರಿಹೋದವರನ್ನು ಅವರ ಮನೆಯಲ್ಲೇ ಸುಳ್ಳುಗಾರರನ್ನಾಗಿಸಿ ಎದ್ದು ಬಂದೆ...

ಇನ್ನು ಸುಮ್ಮನಿರುವುದಿಲ್ಲ. ಪ್ರೀತಿಯಿಂದ ಹೊತ್ತರೂ ಹೊರುವುದು ಹೊರುವುದೇ. ಅದನ್ನು ಬೇಡವೆಂದವರ ಮೇಲೆ ಅವರು ಹೋದ ಮೇಲೆ ಹೇರುವುದು ನನಗೆ ಒಪ್ಪಿಗೆಯಿಲ್ಲ. ಆಕೆಗೆ ಉತ್ತರ ಕೊಡಲು ನಾಳೆ ಹರಿಹರಕ್ಕೆ ಹೋಗುತ್ತಿದ್ದೇನೆ.

ಆಧಾರ ಹುಡುಕಿಕೊಂಡು ಕಳೆದ ಭಾನುವಾರ ಒಬ್ಬನೇ ಹೋಗಿ ಆ ಪಶ್ಚಿಮದ ಬದಿಯಲ್ಲೇ ಇಳಿದೆ. ನಕ್ಷೆಯಲ್ಲಿ ಗೆರೆಗಳು ಅಂಟಿಕೊಂಡಿರುವ ಕಡೆ ಎಡಕ್ಕೂ ಬಲಕ್ಕೂ ಪ್ರಪಾತ. ಕೆಳಗೆ ಬರಲು ಎರಡು ಬಂಡೆಗಳ ನಡುವಿನ ಸಂದಿಯೊಂದೇ ದಾರಿ. ಅದರಲ್ಲಿ ಬೆನ್ನ ಮೇಲಿನ ಬ್ಯಾಗಿನ ಸಮೇತ ನಾನು ಸಿಕ್ಕಿಕೊಂಡೆ. ಬ್ಯಾಗು ಕಳಚಿ ಮುಂದೆ ದೂಡಿ, ಕೂತು ಜಾರಿದಾಗಲೇ ಇಳಿಯಲು ಆದದ್ದು.