ಬಾವಿಗಿಳಿಯುವವರು ಮತ್ತು ನನ್ನ ಕಡಲ ತಾಲೀಮು

ಹಿರಿಯೂರಿನ ನಮ್ಮ ಬೀದಿಯಲ್ಲಿ, ಬಾವಿಯ ಹೂಳೆತ್ತುವ, ಬಿದ್ದ ಕೊಡ ತೆಗೆದುಕೊಡುವ ಒಬ್ಬರಿದ್ದರು. ಯಾರನ್ನೇ ಬಾವಿಗಿಳಿಸಲಿ, ಹಗ್ಗ ಬಿಡುತ್ತಾ "ಹೂಂ ಅನ್ನಪ್ಪ" ಎಂದು ಕೂಗುತ್ತಲೇ ಇರುತ್ತಿದ್ದರು. ಕೆಳಗಿನಿಂದ "ಹೂಂ" ಬರಲೇಬೇಕು. ಬರದಿದ್ದರೆ ಉಸಿರು ಕಟ್ಟಿದೆ ಎಂದೇ ಅವರ ಲೆಕ್ಕ.

ಅದು ಎಪ್ಪತ್ತರ ದಶಕದ ಕೊನೆ. ಮೂವರು ಪುಟ್ಟದೊಂದು ಜಲಾಂತರ್ಗಾಮಿಯಲ್ಲಿ ಕಡಲ ತಳಕ್ಕಿಳಿದು, ಬಿಸಿನೀರು ಉಗುಳುವ ಜ್ವಾಲಾಮುಖಿಯ ಬಾಯಿಗಳನ್ನು ನೋಡಿಬಂದರೆಂದು ಪತ್ರಿಕೆಯಲ್ಲಿ ಓದಿದ್ದೆ. ಮುಂದಿನ ಸಲ ಹೋಗುವವನು ನಾನೇ ಎಂದು ಡೈರಿಯಲ್ಲಿ ತಾರೀಖು ಹಾಕಿ ಬರೆದುಕೊಂಡು, ದಿನಕ್ಕೆರಡು ಬಾರಿ ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆ. ಈಜು ಬರುತ್ತಿರಲಿಲ್ಲ.

ಸುದ್ದಿಯನ್ನು ನಮ್ಮ ಬೀದಿಯ ಬಾವಿಯವರಿಗೂ ಹೇಳಿದೆ.

"ಅಷ್ಟು ಆಳದಾಗಿಂದ ಹೂಂ ಅಂದ್ರೆ ಮೇಲಕ್ಕೆ ಕೇಳ್ತೈತಾ?" ಎಂದರು.

ಪತ್ರಿಕೆಯಲ್ಲಿ ಅದನ್ನು ಬರೆದಿರಲಿಲ್ಲ.

ತಾಲೀಮಿಗೆಂದು ಒಂದು ಭಾನುವಾರ ಅವರ ಹೂಳಿನ ಬುಟ್ಟಿಯಲ್ಲಿ ಕೂತು ಬಾವಿಗಿಳಿದೆ. ಒಂದೊಂದು ಮಾರು ಇಳಿದಾಗಲೂ ಬೆಳಕು, ತಂಪು, ನನ್ನ ನಾಡಿಬಡಿತ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ದಾಖಲಿಸಬೇಕೆಂದು ನನ್ನ ಯೋಜನೆ. ಮೂರನೇ ಮಾರಿನಲ್ಲಿ ನಾಡಿ ಎಣಿಸುತ್ತಾ ಬರೆಯುತ್ತಾ "ಹೂಂ" ಎನ್ನುವುದನ್ನೇ ಮರೆತೆ. ಬುಟ್ಟಿ ಗೋಡೆಗೆ ಬಡಿಯುತ್ತಾ ದಡದಡನೆ ಮೇಲೆ ಬಂತು. ಎಳೆದ ರಭಸಕ್ಕೆ ಅವರ ಅಂಗೈ ಸುಲಿದು ರಕ್ತ ಬರುತ್ತಿತ್ತು.

"ಬರೀತಿದ್ದೆ" ಎಂದೆ.

"ಬರ್ದಿದ್ದು ಮೇಲಿರೋರಿಗೆ ಕೇಳ್ಸಲ್ಲ ಕಣಪ್ಪ."

ಬೈಯುತ್ತಾರೆಂದುಕೊಂಡೆ. ಅವರು ನೋಟ್‌ಬುಕ್ಕನ್ನು ತೆಗೆದು ಕಟ್ಟೆಯ ಮೇಲಿಟ್ಟು, ಅಂಗೈಗೆ ಟವೆಲು ಸುತ್ತಿಕೊಂಡು, "ಕುಂತ್ಕ, ಈ ಸಲ ನೀರು ಮುಟ್ಟಿ ಬರುವಂತೆ" ಎಂದರು.

ಕೂತೆ. ಹಗ್ಗ ಇನ್ನೂ ಅಲುಗಿರಲಿಲ್ಲ, ಅವರು ಕೂಗಿಯೂ ಇರಲಿಲ್ಲ. ಆಗಲೇ ಎರಡು ಸಲ "ಹೂಂ" ಎಂದೆ.