ಸ್ವಂತ ಕೆಲಸದ ನಿಮಿತ್ತ

ನನ್ನ ತವರು ಟಿ. ನರಸೀಪುರ. ಆ ಊರಿಗೆ ಇವತ್ತಿಗೂ ರೈಲಿಲ್ಲ. ಮದುವೆಯಾಗಿ ನಂಜನಗೂಡಿಗೆ ಬಂದಾಗಲೇ ನಾನು ರೈಲನ್ನು ಹತ್ತಿರದಿಂದ ನೋಡಿದ್ದು. ಲೈನಿನ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು ಡ್ಯೂಟಿಯಲ್ಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ನನಗೆ ಗೇಟ್ ಕೀಪರ್ ನೌಕರಿ ಕೊಟ್ಟರು. ತೊಂಬತ್ತರ ದಶಕದ ನಡುವಿನ ಮಾತು ಇದು. ಕವಲಂದೆ ಕಡೆಗೆ ಹೋಗುವ ಮೀಟರ್ ಗೇಜ್ ಲೈನನ್ನು ಒಂದು ಹಳ್ಳಿ ರಸ್ತೆ ದಾಟುವ ಜಾಗ. ಆಚೆಗೊಂದು ಈಚೆಗೊಂದು ಗೇಟು, ಪಕ್ಕದಲ್ಲಿ ಒಂದೇ ಕೋಣೆಯ ಗೇಟ್ ಮನೆ. ಒಳಗೆ ಫೋನು, ಸ್ಟೂಲು, ಕೆಂಪು ಬಾವುಟ, ಹಸಿರು ಬಾವುಟ, ಗೋಡೆ ತುಂಬ ನಿಯಮಗಳು. ಇಲ್ಲದೇ ಇದ್ದದ್ದು ಪಾಯಖಾನೆ ಒಂದೇ.

ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಹನ್ನೆರಡು ತಾಸಿನ ಪಾಳಿ ನನ್ನದು. ಅಷ್ಟು ಹೊತ್ತು ಯಾಕೆ ಅಂತ ಸೇರಿದ ಹೊಸದರಲ್ಲಿ ಕೇಳಿದ್ದೆ. ಗೇಟಿನವರದು ಆಗೊಮ್ಮೆ ಈಗೊಮ್ಮೆ ಬರುವ ಕೆಲಸವಂತೆ, ಉಳಿದ ಹೊತ್ತೆಲ್ಲ ವಿಶ್ರಾಂತಿಯಂತೆ, ಕಾನೂನೇ ಹಾಗೆ ವಿಂಗಡಿಸಿದೆಯಂತೆ. ವಿಶ್ರಾಂತಿ! ಆ ವಿಶ್ರಾಂತಿಯಲ್ಲಿ ಗೇಟು ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗುವಂತಿಲ್ಲ. ಅದೂ ಕಾನೂನೇ. ಹಾಗಾದರೆ ನೀರು ಕುಡಿದ ಹೆಂಗಸು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾವ ಪುಣ್ಯಾತ್ಮನೂ ಬರೆದಿರಲಿಲ್ಲ. ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬೇಸಿಗೆಯಲ್ಲಿ ಉರಿಮೂತ್ರವಾಗಿ ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮ ಚೆನ್ನಾಗಿ ನೀರು ಕುಡಿಯಮ್ಮ ಅಂದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಹೆಡತಲೆ ಕಡೆಯ ಒಬ್ಬಳು ಅಜ್ಜಿ. ದಿನಾ ಲೈನಿನ ಪಕ್ಕ ಆಡು ಮೇಯಿಸುತ್ತಿದ್ದಳು. ನನ್ನ ಒದ್ದಾಟ ನೋಡಿ ಒಂದು ದಿನ, “ನೀ ಓಗ್ಬಾ ಕನವ್ವ, ನಾ ನೋಡ್ಕತೀನಿ” ಅಂದಳು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಮಧ್ಯಾಹ್ನದ ಗಾಡಿ ದಾಟಿದ ಮೇಲೆ ಎರಡೂ ಗೇಟು ಮುಚ್ಚಿ ಬೀಗ ಹಾಕುತ್ತಿದ್ದೆ. ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪು ಬಾವುಟ ಅಜ್ಜಿಯ ಕೈಗೆ ಕೊಟ್ಟು, “ಯಾರ್ ಬಂದ್ರೂ ಇದ ತೋರ್ಸಿ ನಿಲ್ಸು” ಅಂತ ಹೇಳಿ ಕಳ್ಳಿ ಬೇಲಿಯ ಹಿಂದೆ ಹೋಗಿ ಬರುತ್ತಿದ್ದೆ. ಐದು ನಿಮಿಷದ ಮಾತು.

ಯಾರು ಬಂದರೂ ಅಂದರೆ ನನ್ನ ಮನಸ್ಸಿನಲ್ಲಿದ್ದದ್ದು ಬಾಳೆಗೊನೆ ಲಾರಿಯವರು, ಎತ್ತಿನ ಗಾಡಿಯವರು. ಅಜ್ಜಿ ಯಾರು ಬಂದರೂ ಅಂತಲೇ ತಿಳಿದಿದ್ದಳು. ಒಂದು ದಿನ ನಾನು ಬೇಲಿಯ ಹಿಂದಿರುವಾಗ ಲೈನು ತಪಾಸಣೆಯ ಇನ್ಸ್‌ಪೆಕ್ಟರ್ ಸಾಹೇಬರು ಟ್ರಾಲಿಯಲ್ಲಿ ಬಂದುಬಿಟ್ಟರು. ನಾಲ್ವರು ಆಳುಗಳು ಬರಿಗಾಲಲ್ಲಿ ಹಳಿಯ ಮೇಲೆ ಓಡಿ ತಳ್ಳುತ್ತಿದ್ದಾರೆ, ಇವರು ಕೊಡೆಯ ನೆರಳಲ್ಲಿ ಕೂತು ಸುರಕ್ಷತೆ ತಪಾಸಣೆ ಮಾಡುತ್ತಿದ್ದಾರೆ. ಅಜ್ಜಿ ಸೀದಾ ಹಳಿಗಳ ನಡುವೆ ನಿಂತು ಬಾವುಟ ಬಿಚ್ಚಿ ಹಿಡಿದಳು. ಟ್ರಾಲಿ ಕಿರುಗುಟ್ಟಿ ನಿಂತಿತು.

“ಯಾರಮ್ಮ ನೀನು? ಗೇಟಿನವಳು ಎಲ್ಲಿ?”

“ಬತ್ತದೆ, ಇರಿ ಸಾ. ಅದು ಬರಗಂಟ ಯಾರ್ನೂ ಬುಡ್ಬ್ಯಾಡ ಅಂದದೆ.”

ಟ್ರಾಲಿಯ ಆಳುಗಳು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು. ಅದೇ ಸಾಹೇಬರಿಗೆ ಹೆಚ್ಚು ಉರಿದದ್ದು ಅಂತ ಕಾಣುತ್ತದೆ. ನಾನು ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬರುವಷ್ಟರಲ್ಲಿ ಅವರು ಡೈರಿಯಲ್ಲಿ ಬರೆದೂ ಆಗಿತ್ತು.

ವಾರದೊಳಗೆ ಚಾರ್ಜ್ ಶೀಟು ಬಂತು. ಗೇಟು ಬಿಟ್ಟು ಹೋದದ್ದು ಒಂದು, ಇಲಾಖೆಯ ಬಾವುಟ ಹೊರಗಿನವರ ಕೈಗೆ ಕೊಟ್ಟದ್ದು ಇನ್ನೊಂದು. ಸಾಬೀತಾದರೆ ನೌಕರಿ ಹೋದಂತೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು, ಹಾಸಿಗೆ ಹಿಡಿದ ಅತ್ತೆ.

ಉತ್ತರ ಬರೆಸಲು ಕಚೇರಿಯ ಗುಮಾಸ್ತರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, “ಹೊಟ್ಟೆನೋವು ಅಂತ ಬರೆದುಬಿಡೋಣ ಅಮ್ಮ” ಅಂದರು. ಇವತ್ತು ಹೊಟ್ಟೆನೋವು ಅಂದರೆ ನಾಳೆ ಏನು ಅನ್ನಲಿ? ಮೂತ್ರಕ್ಕೆ ಹೋಗಿದ್ದೆ ಅಂತಲೇ ಬರೆಯಿರಿ ಅಂದೆ. ಅವರ ಪೆನ್ನು ನಿಂತುಹೋಯಿತು. “ಅದನ್ನೆಲ್ಲ ಫೈಲ್‌ನಲ್ಲಿ ಬರೆಯೋಕ್ಕಾಗುತ್ತಾ?” ಅಂತ ಮುಖ ಕೆಂಪಗೆ ಮಾಡಿಕೊಂಡು, “ಸ್ವಂತ ಕೆಲಸದ ನಿಮಿತ್ತ” ಅಂತ ಬರೆದರು. ಅವರ ನಾಚಿಕೆ ನೋಡಿ ನನಗೂ ನಾಚಿಕೆಯಾಗಿ ಸಹಿ ಹಾಕಿಬಿಟ್ಟೆ. ಆ ಸಹಿಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ವಿಚಾರಣೆಯ ದಿನ ಅಜ್ಜಿ ಆಡುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಸಾಕ್ಷಿಗೆ ಬಂದಳು. ದೊಡ್ಡ ಸಾಹೇಬರು, ಇನ್ಸ್‌ಪೆಕ್ಟರು, ಗುಮಾಸ್ತರು, ಎಲ್ಲ ಗಂಡಸರೇ. ಚಾರ್ಜ್ ಶೀಟು ಓದುತ್ತಿದ್ದ ದೊಡ್ಡ ಸಾಹೇಬರು ನಡುವೆ ಎದ್ದು ಕೋಣೆಯ ಮೂಲೆಯ ಬಾಗಿಲು ತೆಗೆದು ಒಳಗೆ ಹೋದರು. ನೀರು ಬಿಟ್ಟ ಸದ್ದಾಯಿತು. ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂತು ಕೇಳಿದರು, “ಡ್ಯೂಟಿ ಹೊತ್ತಲ್ಲಿ ಅದೇನಮ್ಮ ಸ್ವಂತ ಕೆಲಸ? ಅಂಗಡಿಗೆ ಹೋಗಿದ್ಯಾ?”

ಅಷ್ಟು ಜನರ ಮುಂದೆ ಆ ಮಾತು ಬಾಯಿಗೆ ಬರಲೇ ಇಲ್ಲ. ಅಜ್ಜಿ ಆ ಮೂಲೆಯ ಬಾಗಿಲನ್ನೇ ನೋಡುತ್ತಿದ್ದಳು.

“ಉಚ್ಚೆ ಉಯ್ಯಕೆ ಓಗಿತ್ತು ಕನ್ ಸಾ. ಈಗ ನೀವು ಓಗ್ಬಂದ್ರಲ್ಲ, ಅದೇ ಕೆಲ್ಸ.”

ಗುಮಾಸ್ತರು ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿದರು. ದೊಡ್ಡ ಸಾಹೇಬರು ಎರಡು ಹಾಳೆ ತಿರುವಿದರು. ಆಮೇಲೆ, ಗೇಟು ಮುಚ್ಚಿತ್ತಾ ಅಂದರು. ಬೀಗ ಹಾಕಿತ್ತು ಸಾರ್, ಕೀಲಿ ನನ್ನ ಸೊಂಟದಲ್ಲಿತ್ತು ಅಂದೆ. ಸರಿ ಹೋಗಿ ಅಂದರು.

ತಿಂಗಳ ಮೇಲೆ ಆರ್ಡರು ಬಂತು. ನೌಕರಿ ಉಳಿಯಿತು, ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಜೊತೆಗೆ ಗೋಡೆಗೆ ಅಂಟಿಸಲು ಹೊಸದೊಂದು ನಿಯಮ ಕಳಿಸಿದ್ದರು, ಬಾವುಟಗಳನ್ನು ಹೊರಗಿನವರ ಕೈಗೆ ಕೊಡತಕ್ಕದ್ದಲ್ಲ ಅಂತ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಪಾಯಖಾನೆಯ ಬಗ್ಗೆ ಒಂದಕ್ಷರ ಇರಲಿಲ್ಲ.

ಅನ್ನದ ಅಂಟು ಹಚ್ಚಿ ಆ ಕಾಗದವನ್ನು ನಾನೇ ಗೋಡೆಗೆ ಅಂಟಿಸಿದೆ. ಮಧ್ಯಾಹ್ನದ ಗಾಡಿ ದಾಟಿತು. ಎರಡೂ ಗೇಟಿಗೆ ಬೀಗ ಹಾಕಿ, ಹೊರಗೆ ಕೂತಿದ್ದ ಅಜ್ಜಿಯ ಕೈಗೆ ಕೆಂಪು ಬಾವುಟ ಕೊಟ್ಟೆ.

“ಆ ಟ್ರಾಲಿ ಸಾಯೇಬ್ರು ಬಂದ್ರೂವಾ?” ಅಂದಳು.

“ಅವ್ರ್ ಬಂದ್ರೆ ಮೊದ್ಲು ನಿಲ್ಸಜ್ಜಿ” ಅಂದು ಬೇಲಿಯ ಕಡೆಗೆ ನಡೆದೆ.