ತಿರುವಿ ತೊಟ್ಟ ಬನಿಯನ್ನು

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ನೇಕಾರರು. ಅವರ ಐದು ವರ್ಷದ ಮೊಮ್ಮಗಳ ಎಡಗೈ ಹುಟ್ಟಿನಿಂದಲೇ ಸೋತಿತ್ತು, ಸೊಂಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಜಮಖಂಡಿಯ ಡಾಕ್ಟರು ಭುಜದ ಸ್ನಾಯುಗಳ ಚಿತ್ರ ಕೊಟ್ಟು, ಇದನ್ನು ತಿಳಿದುಕೊಂಡು ಮನೆಯಲ್ಲೇ ವ್ಯಾಯಾಮ ಮಾಡಿಸಿರಿ ಎಂದಿದ್ದರು. ಚಿತ್ರ ಕಾಕಾನ ತಲೆಗೆ ಹತ್ತಲಿಲ್ಲ. ನೇಕಾರನ ಕೈಗೆ ಎಳೆಯಲ್ಲಾದರೆ ತಿಳಿದೀತೆಂದು, ಹಳೆಯ ಬನಿಯನ್ನಿನ ಬೆನ್ನಿಗೆ ಅದನ್ನೇ ಬಣ್ಣದ ದಾರದಲ್ಲಿ ಹೊಲಿಯತೊಡಗಿದರು. ಕೈಯೆತ್ತಲು ಶುರುಮಾಡುವ ಸಣ್ಣ ಸ್ನಾಯುವಿಗೆ ಹಳದಿ, ಮೇಲಕ್ಕೊಯ್ಯುವ ದೊಡ್ಡದಕ್ಕೆ ಕೆಂಪು.

“ಮೊದಲ ಹಳದಿ, ಆಮ್ಯಾಲ ಕೆಂಪ. ಸಾವಕಾಶ, ಎಳಿ ಹರದೀತು.”

ಹೊಲಿಯುವಷ್ಟು ದಿನವೂ ಕಾಕಾನ ಬಾಯಲ್ಲಿ ಅದೇ ಮಾತು. ಓಣಿಯ ಮಗ್ಗಗಳ ಸದ್ದಿನ ಮೇಲೆ ಅದು ತೇಲಿ ಬರುತ್ತಿತ್ತು. ಮಧ್ಯಾಹ್ನದ ನನ್ನ ಜೊಂಪಿನಲ್ಲೂ ಹಳದಿ, ಕೆಂಪು ಎಳೆಗಳು ತೂಗಾಡುತ್ತಿದ್ದವು.

ಹೊಲಿಗೆ ಮುಗಿದ ದಿನ ಕಾಕಾ ಬನಿಯನ್ನು ತೊಟ್ಟು ಕಟ್ಟೆಯ ಮೇಲೆ ಕೂತರು. ಬೆನ್ನ ಹಿಂದೆ ನಿಂತ ಮೊಮ್ಮಗಳು ನಕ್ಕಳು.

“ಅಜ್ಜಾ, ನಂದು ಎಡಗೈ. ನೀ ಬಲಕ್ಕ ಹೊಲದೀಯಲ್ಲ!”

“ಖರೆ ಐತಿ ನೋಡವಾ,” ಎಂದ ಕಾಕಾ ಬನಿಯನ್ನು ಕಳಚಿ, ಒಳಮೈ ಹೊರಗೆ ಮಾಡಿ ತೊಟ್ಟರು. ಬಲದ ಹೊಲಿಗೆ ಎಡಕ್ಕೆ ಬಂತು. ಜೊತೆಗೆ ದಾರದ ಗಂಟುಗಳೆಲ್ಲ ಹೊರಗೆ ಬಂದವು.

“ಹಳದಿ ಗಂಟು ಇಲ್ಲೈತಿ, ಅಜ್ಜಾ,” ಎನ್ನುತ್ತ ಹುಡುಗಿ ಅವರ ಭುಜ ಮುಟ್ಟಿದಳು.

ಮುಟ್ಟಿದ್ದು ಎಡಗೈ. ಎದುರಿಗಿದ್ದ ನಾನು ಖುಷಿಯಿಂದ ಕೂಗಬೇಕೆನ್ನುವಷ್ಟರಲ್ಲಿ ಕಾಕಾ ತುಟಿಯ ಮೇಲೆ ಬೆರಳಿಟ್ಟರು. ತಿರುಗಿ ನೋಡಲೂ ಇಲ್ಲ. ಎಲ್ಲಿ ಎಳೆ ಹರಿದೀತೋ ಎಂಬಂತೆ ಉಸಿರು ಹಿಡಿದು ಕೂತೇ ಇದ್ದರು.